58 ಕೆಜಿ ಹಾಫ್‌ಗೆ 90% ಕಾರ್ಬನ್ ಹಾಕಿ ಸ್ಟಿಕ್ ಬೇಕಾ? ಗಟ್ಟಿ ನೆಲದ ಮೇಲೆ ಆಡೋರು ಹೇಳಿ

ಕೌಲ್‌ಬಜಾರ್ ಹಾಫ್
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯವನು, ಡಿಗ್ರಿ ಎರಡನೇ ವರ್ಷ. ಕಾಲೇಜು ಹಾಕಿ ಟೀಮಿನಲ್ಲಿ ರೈಟ್ ಹಾಫ್, ಅಂದರೆ ಬ್ಯಾಕ್‌ಗೂ ಫಾರ್ವರ್ಡ್‌ಗೂ ನಡುವೆ ಬಲಗಡೆ ಆಡೋನು. ಎತ್ತರ 5 ಅಡಿ 6 ಇಂಚು, ತೂಕ 58 ಕೆಜಿ. ಸೀನಿಯರ್ ಒಬ್ಬರು ಬಿಟ್ಟು ಹೋದ ಹಳೇ ಫೈಬರ್ ಸ್ಟಿಕ್‌ನಲ್ಲಿ ಆಡುತ್ತಿದ್ದೇನೆ. ಸ್ಟಿಕ್ ತಲೆಯ (ಬಾಲ್ ಹೊಡೆಯೋ ಬಾಗಿದ ತುದಿ) ಕೆಳಗಡೆ ಬಣ್ಣ ಪೂರ್ತಿ ಹೋಗಿದೆ, ಹೆಬ್ಬೆರಳು ಆಡಿಸಿದರೆ ನಾರು ಚುಚ್ಚುತ್ತದೆ. ಹೊಸದು ತಗೊಳ್ಳಲೇಬೇಕು. ಬಜೆಟ್ ಹೆಚ್ಚೆಂದರೆ 6 ಸಾವಿರ.

ಅಂಗಡಿಯವರು 90% ಕಾರ್ಬನ್ ಇರೋದನ್ನೇ ತಗೋ, ಹಳೇ ಸ್ಟಾಕ್, ಡಿಸ್ಕೌಂಟ್ ಕೊಡುತ್ತೇನೆ ಅನ್ನುತ್ತಾರೆ. ಯೂಟ್ಯೂಬ್‌ನಲ್ಲಿ ನೋಡಿದರೆ ದೇಹದ ತೂಕವನ್ನು ಪೌಂಡ್‌ಗೆ ತಿರುಗಿಸಿ ಅದರ ಅರ್ಧದಷ್ಟು ಫ್ಲೆಕ್ಸ್ ಇರೋ ಸ್ಟಿಕ್ ತಗೋಬೇಕಂತೆ. ನನಗೆ ಲೆಕ್ಕ ಹಾಕಿದರೆ 64 ಬಂತು. ಆದರೆ ಅಂಗಡಿಯ ಯಾವ ಸ್ಟಿಕ್ ಮೇಲೂ ಫ್ಲೆಕ್ಸ್ ಅನ್ನೋ ನಂಬರೇ ಇಲ್ಲ! ನಾವು ಆಡೋದು ಗರಸು ಹಾಕಿದ ಮೈದಾನ. ಸೆಲೆಕ್ಷನ್ ಮಾತ್ರ ಟರ್ಫ್ (ಕೃತಕ ಹುಲ್ಲು) ಮೇಲೆ. ಏನು ನೋಡಿ ತಗೋಬೇಕು?

ಕೋಟೆ ಗೋಲಿ
ಕಣ್ಣು ಮುಚ್ಚಿ 90% ತಗೋ ತಮ್ಮ. ನಮ್ಮ ಮೇಲೆ ಆಡುವಾಗ ಬಾಲ್ ನಿನ್ನ ಸ್ಟಿಕ್‌ಗೆ ಬಡಿದು ಪುಟಿದು ನಮ್ಮ ಫಾರ್ವರ್ಡ್ ಕಾಲ ಹತ್ತಿರವೇ ಬರುತ್ತದೆ. ನಮಗೆ ಆರಾಮ.

ಗಂಗಾವತಿ ಬ್ಯಾಕ್
ಗೋಲಿ ಮಾತು ಬಿಡು. ನಾನು ಫುಲ್ ಬ್ಯಾಕ್, ಪೆನಾಲ್ಟಿ ಕಾರ್ನರ್‌ಗೆ ಡ್ರ್ಯಾಗ್ ಫ್ಲಿಕ್ ಮಾಡೋದೂ ನಾನೇ. ನನ್ನದು 95%. ನಮ್ಮ ಡಿ (ಗೋಲ್ ಮುಂದಿನ ಅರ್ಧವೃತ್ತ) ಹತ್ತಿರ ಫ್ರೀ ಹಿಟ್ ಸಿಕ್ಕರೆ ಒಂದೇ ಏಟಿಗೆ ಬಾಲ್ ಅರ್ಧ ಮೈದಾನ ದಾಟಬೇಕು. ಫೈಬರ್‌ನಲ್ಲಿ ಅದೇ ಏಟು ಕೊಟ್ಟರೆ ಮಧ್ಯದಲ್ಲೇ ಯಾರಾದರೂ ತಡೆಯುತ್ತಾರೆ. ಸೀರಿಯಸ್ ಆಗಿ ಆಡೋದಾದರೆ ಈಗ ಕಡಿಮೆ ಕಾರ್ಬನ್ ತಗೊಂಡು ಮುಂದಿನ ವರ್ಷ ಮತ್ತೆ ಬದಲಾಯಿಸೋದು ದುಡ್ಡು ದಂಡ. ಗಟ್ಟಿ ಸ್ಟಿಕ್‌ಗೆ ಕೈ ತಾನಾಗೇ ಹೊಂದಿಕೊಳ್ಳುತ್ತದೆ.

ತೋರಣಗಲ್ಲು ನೈಟ್ ಶಿಫ್ಟ್
ಮೊದಲು ಆ ಫ್ಲೆಕ್ಸ್ ವಿಷಯ ಮುಗಿಸೋಣ. ತಮ್ಮ, ನೀನು ನೋಡಿದ್ದು ಐಸ್ ಹಾಕಿ ವಿಡಿಯೋ. ಕೆನಡಾ, ಅಮೆರಿಕ ಕಡೆ ಬರೀ ಹಾಕಿ ಅಂದರೆ ಅದೇ. ಅಲ್ಲಿ ಸ್ಟಿಕ್ ಉದ್ದ, ದಂಡ ತೆಳು. ಅದನ್ನು 1 ಇಂಚು ಬಗ್ಗಿಸಲು ಎಷ್ಟು ಪೌಂಡ್ ಬಲ ಬೇಕೋ ಅದೇ ಫ್ಲೆಕ್ಸ್ ನಂಬರ್. 85 ಅಂದರೆ 85 ಪೌಂಡ್. ಅವರು ಪಕ್‌ಗೆ (ಬಾಲ್ ಬದಲು ಬಳಸೋ ಚಪ್ಪಟೆ ಬಿಲ್ಲೆ) ಹೊಡೆಯುವ ಮುಂಚೆ ಸ್ಟಿಕ್ ತುದಿಯನ್ನು ಐಸ್‌ಗೆ ಒತ್ತುತ್ತಾರೆ. ದಂಡ ಕಣ್ಣಿಗೆ ಕಾಣುವಷ್ಟು ಬಾಗುತ್ತದೆ, ಆಮೇಲೆ ಚಿಮ್ಮುತ್ತದೆ. ಮೈ ತೂಕ ಹಾಕಿಯೇ ಬಗ್ಗಿಸೋದರಿಂದ ಅಲ್ಲಿ ತೂಕದ ಲೆಕ್ಕಕ್ಕೆ ಅರ್ಥ ಇದೆ. ಅದೂ ಶುರು ಮಾಡೋದಕ್ಕೆ ಒಂದು ಅಂದಾಜು ಅಷ್ಟೇ. ಇನ್ನೊಂದು ಮಜಾ ಅಂದರೆ ಆ ಸ್ಟಿಕ್ಕನ್ನು ಮೇಲಿಂದ ಕತ್ತರಿಸಿ ಗಿಡ್ಡ ಮಾಡಿದರೆ ಇನ್ನೂ ಬಿಗಿಯಾಗುತ್ತದೆ.

ನಮ್ಮ ಹಾಕಿಯಲ್ಲಿ ಈ ಆಟವೇ ಇಲ್ಲ. ನಮ್ಮ ಸ್ಟಿಕ್ ಗಿಡ್ಡ, ದಪ್ಪ. ನೆಲಕ್ಕೆ ಒತ್ತಿ ಬಗ್ಗಿಸಿ ಹೊಡೆಯುವುದಿಲ್ಲ. ಬಾಲ್ ತಾಗುವುದು ಕ್ಷಣದ ಸಣ್ಣ ಭಾಗ. ಆಗ ಸ್ಟಿಕ್ ಎಷ್ಟು ಅಲುಗದೆ ನಿಲ್ಲುತ್ತದೆ ಅನ್ನೋದೇ ಪ್ರಶ್ನೆ. ಹಾಗಾಗಿ 64 ಮರೆತುಬಿಡು.

ಕೌಲ್‌ಬಜಾರ್ ಹಾಫ್
ಅಯ್ಯೋ, ಅದಕ್ಕೇ ಆ ಅಂಗಡಿಯಣ್ಣ ನನ್ನ ಮುಖ ಹಾಗೆ ನೋಡಿದ್ದು! ಹಾಗಾದರೆ ಈ 90% ಅನ್ನೋದೇ ನಮ್ಮ ಬಿಗಿತದ ನಂಬರ್ ಅಂದುಕೊಳ್ಳಲಾ?

ತೋರಣಗಲ್ಲು ನೈಟ್ ಶಿಫ್ಟ್
ಅಲ್ಲ. ಇಲ್ಲೇ ಜಾಸ್ತಿ ಜನ ಬೀಳೋದು.

ಸ್ಟಿಕ್ ಒಳಗೆ ಇರೋದು ಮುಖ್ಯವಾಗಿ ಕಾರ್ಬನ್ ನಾರು, ಗಾಜಿನ ನಾರು ಅಂದರೆ ಫೈಬರ್‌ಗ್ಲಾಸ್, ಸ್ವಲ್ಪ ಅರಾಮಿಡ್ (ಕೆವ್ಲಾರ್ ಅನ್ನುತ್ತಾರಲ್ಲ, ಅದು), ಇವನ್ನೆಲ್ಲ ಹಿಡಿದಿಡುವ ರೆಸಿನ್. ಗಾಜಿನ ನಾರಿಗೆ ಹೋಲಿಸಿದರೆ ಸಾಮಾನ್ಯ ಕಾರ್ಬನ್ ನಾರು ಸುಮಾರು ಮೂರು ಪಟ್ಟು ಬಿಗಿ. ಅರಾಮಿಡ್ ಅದುರುವಿಕೆ ಹೀರುತ್ತದೆ, ಪೆಟ್ಟು ತಡೆಯುತ್ತದೆ. ಕಾರ್ಬನ್ ಜಾಸ್ತಿ ಆದಷ್ಟೂ ಸ್ಟಿಕ್ ಬಿಗಿ ಅನ್ನೋ ಮಾತು ಒಂದೇ ಕಂಪನಿಯ ಒಂದೇ ಸಾಲಿನ ಸ್ಟಿಕ್‌ಗಳ ಮಟ್ಟಿಗೆ ನಿಜ. ಆದರೆ ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ. ಒಬ್ಬರು ನಾರಿನ ತೂಕದಲ್ಲಿ ಹೇಳುತ್ತಾರೆ, ಇನ್ನೊಬ್ಬರು ಪದರ ಎಣಿಸುತ್ತಾರೆ. ರೆಸಿನ್ ಎಷ್ಟು ಅಂತ ಯಾರೂ ಬರೆಯಲ್ಲ. ಸಾರಿಗೆ ಉಪ್ಪು ಎರಡು ಚಮಚ ಅಂತ ಹೇಳಿ ನೀರು ಎಷ್ಟು ಅಂತ ಹೇಳದ ಹಾಗೆ.

ಜೊತೆಗೆ ನಾರು ಯಾವ ದಿಕ್ಕಿಗೆ ಹಾಕಿದ್ದಾರೆ ಅನ್ನೋದೂ ಇದೆ. ಸ್ಟಿಕ್‌ನ ಉದ್ದಕ್ಕೆ ಹಾಕಿದರೆ ಬಗ್ಗೋದು ಕಡಿಮೆ, ಓರೆಯಾಗಿ ಹಾಕಿದರೆ ತಿರುಚಿಕೊಳ್ಳೋದು ಕಡಿಮೆ. ಗೋಡೆ ದಪ್ಪ ಇದ್ದರೆ ಕಡಿಮೆ ಕಾರ್ಬನ್ನಿನ ಸ್ಟಿಕ್ ಕೂಡ ಬಿಗಿಯಾಗಿರಬಹುದು. ಆದ್ದರಿಂದ ಒಂದು ಬ್ರ್ಯಾಂಡಿನ 70, ಇನ್ನೊಂದರ 90 ಪಕ್ಕಪಕ್ಕ ಇಟ್ಟು ಯಾವುದು ಗಟ್ಟಿ ಅಂತ ಸ್ಟಿಕರ್ ನೋಡಿ ಹೇಳೋಕಾಗಲ್ಲ. ಕೈಯಲ್ಲಿ ಹಿಡಿದು ಬಾಲ್ ಆಡಿಸಿಯೇ ನೋಡಬೇಕು.

ಸಂಡೂರು ಸಬ್
ಸ್ಟಿಕ್‌ಗಿಂತ ಸ್ಟಿಕರ್ ಗಟ್ಟಿ ಅನ್ನಿ.

ಮಾನ್ವಿ ಪಿ.ಟಿ. ಸರ್
ತಮ್ಮ ಕೇಳಿದ್ದು ದೇಹಕ್ಕೂ ಆಟಕ್ಕೂ ಹೊಂದೋ ಸ್ಟಿಕ್ ಬಗ್ಗೆ. ನಾನು ಒಂದು ಮೂರನೇದನ್ನು ಸೇರಿಸುತ್ತೇನೆ, ನೆಲ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಯಲ್ಲಿ ಮಣ್ಣಿನ ಮೇಲೆ ಆಡೋರಿಗೆ ಅದೇ ಮೊದಲನೇದು.

1973ರ ವಿಶ್ವಕಪ್‌ನಲ್ಲಿ ನಮ್ಮ ಎಂ.ಪಿ. ಗಣೇಶ್ ನಾಯಕರಾಗಿ ಬೆಳ್ಳಿ ತಂದಾಗ ಎಲ್ಲರ ಕೈಯಲ್ಲೂ ಕಟ್ಟಿಗೆ ಸ್ಟಿಕ್, ಕಾಲ ಕೆಳಗೆ ಹುಲ್ಲು. ಒಲಿಂಪಿಕ್ಸ್‌ಗೆ ಟರ್ಫ್ ಬಂದಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಟರ್ಫ್ ಮೇಲೆ ನೀರು ಬಿಟ್ಟು ಆಡುತ್ತಾರೆ. ಬಾಲ್ ನೆಲಕ್ಕೆ ಅಂಟಿಕೊಂಡೇ ಬರುತ್ತದೆ, ವೇಗ ಜಾಸ್ತಿ, ಆದರೆ ಎಲ್ಲಿ ಬರುತ್ತದೆ ಅಂತ ಗೊತ್ತಿರುತ್ತದೆ. ಅಲ್ಲಿ ಗಟ್ಟಿ ಸ್ಟಿಕ್ ಕೆಲಸ ಮಾಡುತ್ತದೆ.

ನಮ್ಮಲ್ಲಿ? ಬಳ್ಳಾರಿ ಕಡೆ ಕೆಂಪು ಗರಸು. ನಮ್ಮ ರಾಯಚೂರು ಕಡೆ ಎರೆ ಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಾದದ ತುದಿ ಸಿಕ್ಕಿಹಾಕಿಕೊಳ್ಳುತ್ತದೆ. ಬಾಲ್ ಕೊನೇ ಒಂದು ಮೊಳದಲ್ಲಿ ಕಲ್ಲಿಗೆ ಬಡಿದು ಎಗರುತ್ತದೆ. ಹಾಫ್ ಆಡೋನಿಗೆ ಇಂಥ ಬಾಲ್ ಪಂದ್ಯ ಪೂರ್ತಿ ಬರುತ್ತಲೇ ಇರುತ್ತದೆ. ಅದನ್ನು ಹಿಡಿದು ಪಕ್ಕದವನಿಗೆ ಕೊಡೋದೇ ಅವನ ಕೆಲಸ. ಬಿಗಿ ಸ್ಟಿಕ್‌ಗೆ ಬಿದ್ದ ಬಾಲ್ ಬಂದ ವೇಗದಲ್ಲೇ ವಾಪಸ್ ಹೋಗಲು ನೋಡುತ್ತದೆ. ಫೈಬರ್ ಜಾಸ್ತಿ ಇರೋದು ಒಂದಿಷ್ಟು ವೇಗ ನುಂಗುತ್ತದೆ. ನಿನ್ನ ಕೈ ಮೆತ್ತಗಿದ್ದರೆ, ಅಂದರೆ ಬಾಲ್ ತಾಗುವಾಗ ಕೆಳಗೈ ಸಡಿಲ ಬಿಟ್ಟು ಸ್ಟಿಕ್ಕನ್ನು ಸ್ವಲ್ಪ ಹಿಂದಕ್ಕೆ ತಗೊಳ್ಳೋ ಅಭ್ಯಾಸ ಇದ್ದರೆ, ಬಿಗಿ ಸ್ಟಿಕ್ಕೂ ನಡೆಯುತ್ತದೆ. ಇಲ್ಲದಿದ್ದರೆ ಗೋಲಿ ತಮಾಷೆಗೆ ಹೇಳಿದ್ದೇ ಆಗುತ್ತದೆ.

ನನ್ನ ಮಾತು ಇಷ್ಟು. ಗರಸಿನ ಮೇಲೆ ಆಡುವ ಹಾಫ್‌ಗೆ 30ರಿಂದ 50% ಸಾಕು. 90 ಬೇಡವೇ ಬೇಡ.

ಗಂಗಾವತಿ ಬ್ಯಾಕ್
ಸರ್, ನಿಮ್ಮ ಮೇಲೆ ಗೌರವ ಇದೆ. ಆದರೆ ಹುಡುಗ ಸೆಲೆಕ್ಷನ್‌ಗೆ ಹೋಗೋದು ಟರ್ಫ್ ಮೇಲೆ ಅಲ್ವಾ? ಅಲ್ಲಿ ಎಲ್ಲರ ಕೈಯಲ್ಲೂ ಗಟ್ಟಿ ಸ್ಟಿಕ್ ಇರುತ್ತದೆ. ಇವನೊಬ್ಬ ಮೆತ್ತಗಿನದು ಹಿಡಿದು ನಿಂತರೆ ಪಾಸ್ ಅರ್ಧಕ್ಕೇ ನಿಲ್ಲುತ್ತದೆ.

ಮಾನ್ವಿ ಪಿ.ಟಿ. ಸರ್
ಟರ್ಫ್ ಮೇಲೆ ಪಾಸ್ ಅರ್ಧಕ್ಕೆ ನಿಲ್ಲಲ್ಲ ಮಾರಾಯ, ಅಲ್ಲಿ ಸುಮ್ನೆ ಪುಶ್ ಮಾಡಿದರೂ ಓಡುತ್ತದೆ. ಸೆಲೆಕ್ಟರ್ ಹಾಫ್‌ನಲ್ಲಿ ಮೊದಲು ನೋಡೋದು ಫಸ್ಟ್ ಟಚ್. ವರ್ಷವಿಡೀ ಪ್ರಾಕ್ಟೀಸ್ ಎಲ್ಲಿ ಮಾಡುತ್ತಾನೋ ಅಲ್ಲಿಗೆ ಸ್ಟಿಕ್ ಹೊಂದಬೇಕು. ಅಂದಹಾಗೆ ನಿನ್ನ ತೂಕ ಎಷ್ಟಪ್ಪ?

ಗಂಗಾವತಿ ಬ್ಯಾಕ್
82 ಸರ್.

ಮಾನ್ವಿ ಪಿ.ಟಿ. ಸರ್
ಅದೇ ಮತ್ತೆ.

ಸಿಂಧನೂರು ಲೆಫ್ಟ್ ಇನ್
ನಾನೂ ಒಂದು ಮಾತು ಹೇಳುತ್ತೇನೆ. ಇಲ್ಲಿ ಎಲ್ಲರೂ ಹಿಟ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಮೈ ತೂಕಕ್ಕಿಂತ ಮಣಿಕಟ್ಟು ನೋಡಿಕೊಳ್ಳಬೇಕು.

ನನ್ನ ತೂಕ 51. ಬ್ಯಾಂಕ್ ಕೆಲಸ, ದಿನವಿಡೀ ಕೀಬೋರ್ಡ್. ಗಟ್ಟಿ ನೆಲದ ಮೇಲೆ ಬಿಗಿ ಸ್ಟಿಕ್‌ನಲ್ಲಿ ರಿವರ್ಸ್ (ಸ್ಟಿಕ್ ತಿರುಗಿಸಿ ಎಡಗಡೆಯಿಂದ) ಹೊಡೆದರೆ ಅದುರುವಿಕೆ ನೇರ ಮೊಣಕೈಗೆ ಬರುತ್ತದೆ. ಟೊಮಾಹಾಕ್ ಅನ್ನೋ ಆ ಹೊಡೆತದಲ್ಲಿ ಬಾಲ್ ತಾಗೋದು ಸ್ಟಿಕ್‌ನ ಅಂಚಿಗೆ. ಸ್ವಲ್ಪ ತಪ್ಪಿ ನೆಲಕ್ಕೆ ಸವರಿದರೆ ಬೆರಳು ಮರಗಟ್ಟುತ್ತದೆ. ಟೀಮಿನ ಹುಡುಗಿಯೊಬ್ಬಳಿಗೆ ಮೊಣಕೈಯ ಹೊರಗಡೆ ನೋವು ಶುರುವಾಗಿ ಫಿಸಿಯೋ ಹತ್ತಿರ ಓಡಾಡಿದಳು. ಅವರು ವಿಶ್ರಾಂತಿ, ವ್ಯಾಯಾಮದ ಜೊತೆಗೆ ಮೆತ್ತಗಿನ ಸ್ಟಿಕ್ ಹಿಡಿ ಅಂದರು.

ನಾನು ಆಡೋದು 40% ಕಾರ್ಬನ್, ಹಗುರದ್ದು, 525 ಗ್ರಾಂ. ಹಿಡಿ ಮೇಲೆ ಮೂಲ ಗ್ರಿಪ್ ತೆಗೆಯದೆ ಅದರ ಮೇಲೆ ಇನ್ನೊಂದು ತೆಳು ಗ್ರಿಪ್ ಸುತ್ತಿದ್ದೇನೆ. ಬಲಗೈ ಹಿಡಿಯೋ ಜಾಗಕ್ಕೆ ಬರುವಾಗ ಒಂದು ಸುತ್ತು ಅರ್ಧದಷ್ಟು ಒಂದರ ಮೇಲೊಂದು ಬರೋ ಹಾಗೆ ಎಳೆದು ಸುತ್ತಬೇಕು, ಆಗ ಅಲ್ಲಿ ಮೆತ್ತೆ ಆಗುತ್ತದೆ. ಮೇಲೆ, ಎಡಗೈ ತಿರುಗಿಸೋ ಕಡೆ, ಒಂದೇ ಪದರ ಸಾಕು. ಅಲ್ಲಿ ದಪ್ಪ ಆದರೆ ಇಂಡಿಯನ್ ಡ್ರಿಬಲ್ (ಬಾಲನ್ನು ಎಡಕ್ಕೂ ಬಲಕ್ಕೂ ಸರಿಸುತ್ತಾ ಹೋಗೋದು) ಮಾಡುವಾಗ ಸ್ಟಿಕ್ ಬೇಗ ತಿರುಗಲ್ಲ. ನಮ್ಮಂಥ ಸಣ್ಣ ಕೈಯವರಿಗೆ ಇದು ಬಿಗಿತಕ್ಕಿಂತ ಜಾಸ್ತಿ ವ್ಯತ್ಯಾಸ ಮಾಡುತ್ತದೆ.

ಕೌಲ್‌ಬಜಾರ್ ಹಾಫ್
ಅಕ್ಕಾ, ಗ್ರಿಪ್ ವಿಷಯ ನನಗೆ ಹೊಸದು, ಥ್ಯಾಂಕ್ಸ್. ಹಗುರ ಸ್ಟಿಕ್ ತಗೊಂಡರೆ ಹಿಟ್ ಸಪ್ಪೆ ಆಗಲ್ವಾ?

ಸಿಂಧನೂರು ಲೆಫ್ಟ್ ಇನ್
ನೀನು ಬೀಸೋ ವೇಗದ ಮೇಲೆ ಹೋಗುತ್ತದೆ. ಭಾರದ ಸ್ಟಿಕ್ಕನ್ನು ನಿಧಾನ ಬೀಸಿದರೆ ಏನು ಬಂತು? ನಿಯಮದ ಪ್ರಕಾರ 737 ಗ್ರಾಂವರೆಗೂ ಇರಬಹುದು, ಆದರೆ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ 500ರಿಂದ 600ರ ಒಳಗೆ. 58 ಕೆಜಿಗೆ 530-540 ನೋಡು. ತೂಕ ಒಂದೇ ಇದ್ದರೂ ಕೆಲವು ಸ್ಟಿಕ್ ತಲೆ ಭಾರ, ಕೆಲವು ಕೈ ಭಾರ. ದಂಡದ ಕೆಳಗೆ ಒಂದು ಬೆರಳು ಇಟ್ಟು ತೂಗಿಸಿ ನೋಡು. ತೂಗಿ ನಿಲ್ಲೋ ಜಾಗ ತಲೆಯ ಹತ್ತಿರ ಇದ್ದಷ್ಟೂ ಹಿಟ್‌ಗೆ ಒಳ್ಳೇದು, ಡ್ರಿಬಲ್‌ಗೆ ಕಷ್ಟ.

ಕುಷ್ಟಗಿ ಮಾವ
ನಡುವೆ ಒಂದು ಪ್ರಶ್ನೆ. ನಮ್ಮ ಅಕ್ಕನ ಮಗ 11 ವರ್ಷ, ಎಡಗೈ. ಅವನಿಗೆ ಎಡಗೈ ಸ್ಟಿಕ್ ಸಿಗುತ್ತದಾ? ಅವನಿಗೂ ಕಾರ್ಬನ್ ಬೇಕಾ?

ಮಾನ್ವಿ ಪಿ.ಟಿ. ಸರ್
ಎಡಗೈ ಸ್ಟಿಕ್ ಅನ್ನೋದು ಇಲ್ಲವೇ ಇಲ್ಲ ರೀ. ಎಲ್ಲ ಸ್ಟಿಕ್‌ಗೂ ಚಪ್ಪಟೆ ಭಾಗ ಎಡಕ್ಕೇ, ಹಾಗೇ ಆಡಬೇಕು. ಎಡಗೈ ಮಕ್ಕಳು ಇದಕ್ಕೆ ಬೇಗ ಹೊಂದಿಕೊಳ್ಳುತ್ತಾರೆ, ಯಾಕಂದರೆ ಸ್ಟಿಕ್ ತಿರುಗಿಸೋದು ಮೇಲಿನ ಎಡಗೈಯೇ. ಕಾರ್ಬನ್ ಬೇಡ. ಕಟ್ಟಿಗೆದು ಸಿಕ್ಕರೆ ಕಟ್ಟಿಗೆದು, ಇಲ್ಲಾಂದರೆ ಪೂರ್ತಿ ಫೈಬರ್. ಜಲಂಧರ್ ಕಡೆಯಿಂದ ಹಿಪ್ಪುನೇರಳೆ ಕಟ್ಟಿಗೆಯ ಸ್ಟಿಕ್ ಈಗಲೂ ಬರುತ್ತವೆ. ನೇರ ನಿಂತು ಪಕ್ಕಕ್ಕೆ ಹಿಡಿದಾಗ ಹಿಡಿಯ ತುದಿ ಸೊಂಟದ ಎಲುಬಿನ ಹತ್ತಿರ ಬರಬೇಕು. ಬೆಳೆಯೋ ಹುಡುಗ ಅಂತ ಉದ್ದದ್ದು ಕೊಡಿಸಬೇಡಿ, ಬಗ್ಗೋದನ್ನೇ ಬಿಟ್ಟುಬಿಡುತ್ತಾನೆ.

ಕುಷ್ಟಗಿ ಮಾವ
ನಾನು ಉದ್ದದ್ದೇ ಕೊಡಿಸಬೇಕು ಅಂತಿದ್ದೆ. ಬಚಾವ್.

ಕೌಲ್‌ಬಜಾರ್ ಹಾಫ್
ನನಗೂ ಉದ್ದ ಹೇಳಿ ಸರ್. ಈಗಿರೋದು 37.5. ಅದರ ಜೊತೆ ಬೋ ಅಂತ ಬೇರೆ ಇದೆಯಲ್ಲ, ಲೋ ಬೋ, ಮಿಡ್ ಬೋ. ಅಂಗಡಿಯ 90% ಸ್ಟಿಕ್ ಲೋ ಬೋ.

ಮಾನ್ವಿ ಪಿ.ಟಿ. ಸರ್
5 ಅಡಿ 6ಕ್ಕೆ 36.5 ಇಂಚು. 37.5 ನಿನಗೆ ಉದ್ದ ಆಯ್ತು. ಬೋ ಬಗ್ಗೆ ಬ್ಯಾಕ್ ಹೇಳಲಿ, ಅವನ ಕ್ಷೇತ್ರ.

ಗಂಗಾವತಿ ಬ್ಯಾಕ್
ಬೋ ಅಂದರೆ ಸ್ಟಿಕ್ಕನ್ನು ಮುಖ ಕೆಳಗೆ ಮಾಡಿ ಟೇಬಲ್ ಮೇಲೆ ಇಟ್ಟಾಗ ಮಧ್ಯೆ ಕಾಣೋ ಬಾಗು. ಜಾಸ್ತಿ ಅಂದರೆ 25 ಮಿಲಿಮೀಟರ್. ಆ ಬಾಗಿನ ತುದಿ ತಲೆಯ ಬುಡದಿಂದ 200 ಮಿಲಿಮೀಟರ್‌ಗಿಂತ ಕೆಳಗೆ ಬರಬಾರದು ಅಂತ ಎಫ್‌ಐಎಚ್ (ಅಂತರರಾಷ್ಟ್ರೀಯ ಹಾಕಿ ಸಂಸ್ಥೆ) ನಿಯಮ. ಲೋ ಬೋ ಅಂದರೆ ಬಾಗು ಆ ಮಿತಿಯ ಹತ್ತಿರಕ್ಕೆ ಇಳಿದಿರುತ್ತದೆ.

ಡ್ರ್ಯಾಗ್ ಫ್ಲಿಕ್‌ನಲ್ಲಿ ಬಾಲನ್ನು ಸ್ಟಿಕ್‌ಗೆ ಅಂಟಿಸಿಕೊಂಡು ಹಿಂದಿನಿಂದ ಎಳೆದು ತರುತ್ತೇವೆ. ಆ ಬಾಗಿನಲ್ಲಿ ಬಾಲ್ ಕೂತುಕೊಳ್ಳುತ್ತದೆ, ಕೊನೆಗೆ ಚಿಮ್ಮಿಸೋಕೆ ಅನುಕೂಲ. ಭಾರತ ತಂಡದ ಡ್ರ್ಯಾಗ್ ಫ್ಲಿಕ್ಕರ್ ವಿ.ಆರ್. ರಘುನಾಥ್ ಆಡೋದು ನೋಡಿ ಬೆಳೆದವರು ನಾವು, ಈಗ ಹರ್ಮನ್‌ಪ್ರೀತ್ ಸಿಂಗ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರೊಬ್ಬರೇ 10 ಗೋಲು. ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹಿಟ್ ಆದರೆ ಬಾಲ್ 460 ಮಿಲಿಮೀಟರ್‌ಗಿಂತ ಮೇಲೆ ಗೋಲ್ ಗೆರೆ ದಾಟುವಂತಿಲ್ಲ, ಫ್ಲಿಕ್‌ಗೆ ಆ ಮಿತಿ ಇಲ್ಲ. ಅದಕ್ಕೇ ಎಲ್ಲರಿಗೂ ಫ್ಲಿಕ್ ಹುಚ್ಚು, ಎಲ್ಲರಿಗೂ ಲೋ ಬೋ ಹುಚ್ಚು.

ಹಾಫ್‌ಗೆ ಇದು ಬೇಡ ಅಂತ ನಾನೂ ಒಪ್ಪುತ್ತೇನೆ. ಲೋ ಬೋ ಇದ್ದರೆ ಮುಖ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ನೆಲದ ಮೇಲೆ ನೇರ ಹಿಟ್ ಹೊಡೆಯಲು ಹೋದರೆ ಬಾಲ್ ಏಳುತ್ತದೆ. ಎದ್ದ ಬಾಲ್ ಯಾರಿಗಾದರೂ ಅಪಾಯ ಆದರೆ ಸೀಟಿ. ಗರಸಿನ ಮೇಲಂತೂ ಮೊದಲೇ ಎಗರುತ್ತದೆ. ಮಿಡ್ ಬೋ, ಇಲ್ಲಾಂದರೆ ಎರಡರ ನಡುವಿನದು ತಗೋ.

ಕೋಟೆ ಗೋಲಿ
ಗಂಗಾವತಿ ಬ್ಯಾಕ್ ಒಪ್ಪಿದರು! ಯಾರಾದರೂ ಸ್ಕ್ರೀನ್‌ಶಾಟ್ ತೆಗೀರಿ.

ಗಂಗಾವತಿ ಬ್ಯಾಕ್
ಬೋ ಒಪ್ಪಿದ್ದು. ಕಾರ್ಬನ್ ಇನ್ನೂ ಒಪ್ಪಿಲ್ಲ.

ತೋರಣಗಲ್ಲು ನೈಟ್ ಶಿಫ್ಟ್
ಹಾಗಾದರೆ ಒಂದು ಪಾಯಿಂಟ್, ಬ್ಯಾಕ್ ಅಣ್ಣನಿಗೆ. ಗರಸು ನೆಲದಲ್ಲಿ ಸ್ಟಿಕ್ ಸವೆಯೋದು ಅಂಚಿನಲ್ಲಿ. ತಲೆಯ ಕೆಳಗಡೆ ಮೊದಲು ಬಣ್ಣ, ಆಮೇಲೆ ಮೇಲಿನ ರೆಸಿನ್, ಆಮೇಲೆ ನಾರು. ಕಾರ್ಬನ್ ಬಿಗಿ, ಆದರೆ ಕಲ್ಲಿನ ಪೆಟ್ಟಿಗೆ ಬೇಗ ಚಕ್ಕೆ ಏಳುತ್ತದೆ. ಗಾಜಿನ ನಾರು, ಅರಾಮಿಡ್ ಇನ್ನೂ ಸ್ವಲ್ಪ ತಡೆಯುತ್ತವೆ. ಒಮ್ಮೆ ಒಳಗಿನ ನಾರು ಬಾಯಿ ಬಿಟ್ಟರೆ ತೇವ ಹೋಗುತ್ತದೆ, ಪದರ ಬಿಡುತ್ತದೆ, ಆಮೇಲೆ ಬಾಲ್‌ಗೆ ತಟ್ಟಿದರೆ ಟಕ್ ಅನ್ನೋ ಬದಲು ಬೊದ್ದು ಸದ್ದು. ಆಗ ಅದು 90 ಇದ್ದರೇನು 30 ಇದ್ದರೇನು? 6 ಸಾವಿರಕ್ಕೆ ಸಿಗೋ 90% ಸ್ಟಿಕ್ಕನ್ನು ಗರಸಿನ ಮೇಲೆ ಉಜ್ಜೋದು ನಿಜವಾದ ದುಡ್ಡು ದಂಡ.

ಇನ್ನೊಂದು, ನಮ್ಮ ಬಿಸಿಲು. ಮೇ ತಿಂಗಳಲ್ಲಿ ಹೊರಗೇ 40 ದಾಟುತ್ತದೆ. ಮುಚ್ಚಿದ ಕಾರಿನೊಳಗೆ 60 ದಾಟುವುದೂ ಉಂಟು. ಅಷ್ಟು ಕಾವಿಗೆ ಕೆಲವು ರೆಸಿನ್ ಮೆದುವಾಗುತ್ತದೆ, ಪದರದ ಅಂಟು ದಿನ ಕಳೆದಂತೆ ಸಡಿಲ ಆಗುತ್ತದೆ. ಸ್ಟಿಕ್ಕನ್ನು ಡಿಕ್ಕಿಯಲ್ಲಿ ಬಿಡಬೇಡಿ. ಗ್ರಿಪ್‌ನ ಅಂಟಂತೂ ಮೊದಲು ಕರಗಿ ಕೈಗೆ ಮೆತ್ತಿಕೊಳ್ಳುತ್ತದೆ.

ಗಂಗಾವತಿ ಬ್ಯಾಕ್
ಸರಿ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ 95% ನಾನು ಟರ್ಫ್ ಪಂದ್ಯಕ್ಕೆ ಮಾತ್ರ ತೆಗೆಯೋದು. ಮಣ್ಣಿನ ಮೇಲೆ ಹಳೇ 50%ನಲ್ಲೇ ಆಡುತ್ತೇನೆ.

ಸಂಡೂರು ಸಬ್
ಇದನ್ನು ಮೊದಲ ಕಾಮೆಂಟಿನಲ್ಲೇ ಹೇಳಬಾರದಿತ್ತೇನಣ್ಣಾ.

ಸಿಂಧನೂರು ಲೆಫ್ಟ್ ಇನ್
😂

ಕೌಲ್‌ಬಜಾರ್ ಹಾಫ್
ಈಗ ಅರ್ಥ ಆಯ್ತು. ಆದರೆ ಸ್ಟಿಕರ್ ನಂಬೋಕಾಗಲ್ಲ ಅಂದರೆ ಅಂಗಡಿಯಲ್ಲಿ ಹೇಗೆ ಪರೀಕ್ಷೆ ಮಾಡಲಿ? ಕೈಯಲ್ಲಿ ಬಗ್ಗಿಸಿ ನೋಡಲಾ?

ಮಾನ್ವಿ ಪಿ.ಟಿ. ಸರ್
ಕೈಯಲ್ಲಿ ಬಗ್ಗಿಸಿದರೆ ಏನೂ ಗೊತ್ತಾಗಲ್ಲ. ಮಂಡಿಗೆ ಇಟ್ಟು ಬಗ್ಗಿಸಿದರೆ ಅಂಗಡಿಯವನು ಬೈಯುತ್ತಾನೆ.

ಮೊದಲು ಅಂಗಡಿಗೇ ಹೋಗಬೇಡ. ಟೀಮಿನವರ ಹತ್ತಿರ ಬೇರೆ ಬೇರೆ ಸ್ಟಿಕ್ ಇರುತ್ತವಲ್ಲ, ಎರಡು ಮೂರು ಕೇಳಿ ಇಸ್ಕೋ. ಒಂದು ಕಡಿಮೆ ಕಾರ್ಬನ್, ಒಂದು ಮಧ್ಯಮ, ಒಂದು ಗಟ್ಟಿ. ಶಾಲೆಯ ಗೋಡೆಯೋ ಪಂಪ್‌ಹೌಸ್ ಗೋಡೆಯೋ ಹಿಡಿ. ಮುಂದೆ ನೆಲ ಸ್ವಲ್ಪ ಗುಡಿಸಿಕೋ. ಹತ್ತು ಹೆಜ್ಜೆ ದೂರ ನಿಂತು ಗಟ್ಟಿಯಾಗಿ ಪುಶ್ ಮಾಡು, ವಾಪಸ್ ಬಂದಿದ್ದನ್ನು ಹಿಡಿ. ಬಾಲ್ ನಿಂತ ಜಾಗ ನೋಡು. ಸ್ಟಿಕ್‌ಗೆ ಅಂಟಿ ನಿಂತಿತಾ, ಒಂದು ಗೇಣು ಮುಂದೆ ಹೋಯ್ತಾ, ಕೈಗೆ ಸಿಗದ ಹಾಗೆ ಹೋಯ್ತಾ? ಒಂದು ಗೇಣು ಪರವಾಗಿಲ್ಲ, ಎರಡನೇ ಟಚ್‌ಗೆ ಅಲ್ಲೇ ಬೇಕು. ಅದಕ್ಕಿಂತ ದೂರ ಹೋದರೆ ಎದುರಾಳಿ ಕಾಲಿಡುತ್ತಾನೆ. ಇದನ್ನು ಕೈ ದಣಿದ ಮೇಲೆ ಮತ್ತೆ ಮಾಡು. ಮೊದಲ ಹತ್ತು ನಿಮಿಷ ಎಲ್ಲರ ಕೈಯೂ ಮೆತ್ತಗೇ ಇರುತ್ತದೆ. ಮೂರನೇ ಕ್ವಾರ್ಟರ್‌ನಲ್ಲಿ ನಿನ್ನ ಕೈ ಹೇಗಿರುತ್ತದೋ ಆ ಕೈಗೆ ಸ್ಟಿಕ್ ಆರಿಸಬೇಕು.

ಆಮೇಲೆ ಹಿಟ್ ನೋಡು. ಎಷ್ಟು ದೂರ ಹೋಯ್ತು ಅನ್ನೋದಕ್ಕಿಂತ ಬಾಲ್ ತಾಗಿದ ಕ್ಷಣ ಕೈಗೆ ಏನು ಬಂತು ಅಂತ ನೋಡು. ಸರಿಯಾದ ಜಾಗಕ್ಕೆ ತಾಗಿದರೆ ಎಲ್ಲ ಸ್ಟಿಕ್ಕೂ ಚೆನ್ನಾಗಿರುತ್ತವೆ. ಎರಡು ಬೆರಳಷ್ಟು ತಪ್ಪಿ ತಾಗಿದಾಗ ಮೆತ್ತಗಿನದು ಮಾಫಿ ಮಾಡುತ್ತದೆ, ಬಿಗಿ ಸ್ಟಿಕ್ ಮಣಿಕಟ್ಟು ಜುಮ್ ಅನ್ನಿಸುತ್ತದೆ. ಆ ಜುಮ್ ನಿನಗೆ ಎಷ್ಟು ಸಲ ಬರುತ್ತದೆ ಅನ್ನೋದೇ ನಿನ್ನ ಲೆಕ್ಕ.

ಇದಾದ ಮೇಲೆ ಅಂಗಡಿಗೆ ಹೋಗು. ಹೋಗುವಾಗ ನಿನ್ನ ಬಾಲ್ ತಗೊಂಡು ಹೋಗು. ಸ್ಟಿಕ್ ಮುಖದ ಮೇಲೆ ಬಾಲ್ ಪುಟಿಸಿ ನೋಡು. ನಿನಗೆ ಹಿಡಿಸಿದ ಸ್ಟಿಕ್‌ನ ಪುಟಿತ, ಸದ್ದು ನೆನಪಲ್ಲಿದ್ದರೆ ಹೋಲಿಸಬಹುದು.

ತೋರಣಗಲ್ಲು ನೈಟ್ ಶಿಫ್ಟ್
ಅಂಗಡಿಯಲ್ಲಿ ಇನ್ನೂ ಒಂದು. ಹಳೇ ಸ್ಟಾಕ್ ಅಂದರೆ ತಲೆ ದಂಡಕ್ಕೆ ಕೂಡೋ ಜಾಗ ಬೆಳಕಿಗೆ ಹಿಡಿದು ನೋಡು, ಕೂದಲೆಳೆಯಷ್ಟು ಬಿರುಕು ಇದ್ದರೂ ಬೇಡ. ಉಗುರಿನಿಂದ ಉದ್ದಕ್ಕೂ ತಟ್ಟುತ್ತಾ ಬಾ. ಒಂದು ಕಡೆ ಸದ್ದು ಪೊಳ್ಳಾಗಿ ಬೇರೆಯಾಗಿ ಕೇಳಿದರೆ ಅಲ್ಲಿ ಪದರ ಬಿಟ್ಟಿರಬಹುದು. ಒಮ್ಮೆ ನನ್ನ ಸ್ನೇಹಿತನಿಗೆ ಆನ್‌ಲೈನ್‌ನಲ್ಲಿ ಬಂದ ಸ್ಟಿಕ್ ಹೀಗೇ ಇತ್ತು, ಸ್ಟಿಕರ್ ಕೆಳಗೆ ಬಿರುಕು. ವಾಪಸ್ ಕಳಿಸಲು ದೊಡ್ಡ ರಗಳೆ ಆಯ್ತು. ನೋಡಿ ತಗೊಳ್ಳೋದೇ ಒಳ್ಳೇದು, ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ ದುಡ್ಡು ಸೇರಿಸಿದರೂ.

ಕೌಲ್‌ಬಜಾರ್ ಹಾಫ್
ಭಾನುವಾರ ಬೆಳಿಗ್ಗೆ ಗೋಡೆ ಪರೀಕ್ಷೆ ಮಾಡಿದೆವು. ನಾಲ್ಕು ಜನ ಸೇರಿ, ಆಮೇಲೆ ಮಂಡಕ್ಕಿ ವಗ್ಗರಣಿ, ಮಿರ್ಚಿ. 😄

ನನ್ನ ಹಳೇದರ ಜೊತೆ ಮೂರು ಸ್ಟಿಕ್ ಸಿಕ್ಕವು. 25, 50, 80. ಶುರುವಿನಲ್ಲಿ 80 ಬಹಳ ಹಿಡಿಸಿತು ನಿಜ ಹೇಳಬೇಕಂದರೆ. ಟಕ್ ಅನ್ನೋ ಸದ್ದಿಗೇ ಖುಷಿ. ಆದರೆ ಬಿಸಿಲು ಏರಿ ಕೈ ಬೆವತ ಮೇಲೆ ಅದರಲ್ಲಿ ಬಾಲ್ ಮೊಳ ದೂರ ಹೋಗೋಕೆ ಶುರುವಾಯ್ತು. 50ರಲ್ಲಿ ಗೇಣಿನ ಒಳಗೇ ಇತ್ತು. 25ರಲ್ಲಿ ಟ್ರ್ಯಾಪ್ (ಬಾಲ್ ಹಿಡಿದು ನಿಲ್ಲಿಸೋದು) ಇನ್ನೂ ಚೆನ್ನಾಗಿತ್ತು, ಆದರೆ ಎದುರು ಸೈಡಿಗೆ ಹಿಟ್ ಹೊಡೆದರೆ ಬಾಲ್ ಸುಸ್ತಾಗಿ ಹೋಗುತ್ತಿತ್ತು. ನಮ್ಮ ಲೆಫ್ಟ್ ಹಾಫ್‌ಗೆ 25 ಹಿಡಿಸಿತು, ಅವನು ಹೊಡೆಯೋದೇ ಕಡಿಮೆ, ಬರೀ ಪುಶ್.

50%, 36.5, ಮಿಡ್ ಬೋ, 535 ಗ್ರಾಂ ಹತ್ತಿರ. ಇದನ್ನೇ ಹುಡುಕುತ್ತೇನೆ. ಬ್ಯಾಕ್ ಅಣ್ಣಾ, ಬೇಜಾರಿಲ್ಲ ತಾನೇ?

ಗಂಗಾವತಿ ಬ್ಯಾಕ್
ಬೇಜಾರೇನೋ. ಆದರೆ ಮುಂದೆ ತೂಕ ಏರಿ, ಮೇಷ್ಟ್ರು ನಿನ್ನನ್ನ ಬ್ಯಾಕ್‌ಗೆ ಹಾಕಿ, ಟರ್ಫ್ ಮೇಲೆ ದಿನಾ ಆಡೋ ಹಾಗಾದರೆ 70ರ ಮೇಲಿನದು ನೋಡು. ಆಗ ನನ್ನ ಮಾತು ನೆನಪಾಗುತ್ತದೆ.

ಮಾನ್ವಿ ಪಿ.ಟಿ. ಸರ್
ಅದು ಸರಿಯಾದ ಮಾತು. ಆಟ ಬದಲಾದರೆ ಸ್ಟಿಕ್ಕೂ ಬದಲಾಗಲಿ. ಹೊಸದು ಬಂದ ತಕ್ಷಣ ತಲೆಯ ಕೆಳ ಅಂಚಿಗೆ ತೆಳು ಟೇಪ್ ಹಾಕು, ಸವೆದಾಗ ಟೇಪ್ ಮಾತ್ರ ಬದಲಾಯಿಸು. ಸುತ್ತಿದ ಮೇಲೂ ಸ್ಟಿಕ್ 51 ಮಿಲಿಮೀಟರ್ ಉಂಗುರದಲ್ಲಿ ದಾಟಬೇಕು, ದಪ್ಪ ದಪ್ಪ ಸುತ್ತಬೇಡ.

ಕೌಲ್‌ಬಜಾರ್ ಹಾಫ್
ಆಯ್ತು ಸರ್. ಹಳೇ ಸ್ಟಿಕ್‌ನ ನಾರು ಚುಚ್ಚುತ್ತದೆ ಅಂದೆನಲ್ಲ, ಅದನ್ನು ಉಜ್ಜಿ ಟೇಪ್ ಸುತ್ತಿ ಜೂನಿಯರ್‌ಗೆ ಕೊಡಬಹುದಾ?

ಮಾನ್ವಿ ಪಿ.ಟಿ. ಸರ್
ಪಂದ್ಯಕ್ಕೆ ಬೇಡ. ಸ್ಟಿಕ್ ನುಣುಪಾಗಿರಬೇಕು, ಒರಟು ಚೂಪು ಇರಬಾರದು ಅಂತ ನಿಯಮ ಇದೆ, ಅಂಪೈರ್ ಹೊರಗೆ ಹಾಕಿಸುತ್ತಾರೆ. ಪ್ರಾಕ್ಟೀಸ್‌ಗೆ ಕೊಡು, ಆದರೆ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟು, ನೀರು ಹಾಕಿ ಉಜ್ಜು. ಗಾಜಿನ ನಾರಿನ ಪುಡಿ ಚರ್ಮಕ್ಕೆ ಹತ್ತಿದರೆ ರಾತ್ರಿಯೆಲ್ಲ ತುರಿಕೆ.

ಕೋಟೆ ಗೋಲಿ
ಗೋಲಿ ಸ್ಟಿಕ್‌ಗೆ ಎಷ್ಟು ಕಾರ್ಬನ್ ಅಂತ ಯಾರೂ ಹೇಳಲೇ ಇಲ್ಲ.

ಸಿಂಧನೂರು ಲೆಫ್ಟ್ ಇನ್
ನಿಮಗೆ ಹಗುರ ಇದ್ದರೆ ಸಾಕು ರೀ, ಒಂದೇ ಕೈಯಲ್ಲಿ ಚಾಚಬೇಕಲ್ಲ. ಹೊಡೆಯೋದೆಲ್ಲ ಕಾಲಿನ ಕಿಕ್ಕರ್‌ನಲ್ಲೇ. ಕಡಿಮೆ ಕಾರ್ಬನ್ ತಗೊಳ್ಳಿ, ಉಳಿದ ದುಡ್ಡಿಗೆ ಒಳ್ಳೇ ಹೆಲ್ಮೆಟ್ ತಗೊಳ್ಳಿ.